ಗ್ವಾಡಿ ಮ್ಯಾಲಿನ ವಾಟಗ

ಬೈಲಹೊಂಗಲದಲ್ಲಿ ನಮ್ಮ ಮನೆಗೂ ಬಾಜು ಮನೆಯ ಕಾಕು ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇದೆ. ಗೋಡೆಯ ತಲೆಯ ಮೇಲೆ ಸಿಮೆಂಟು ಸವರಿ ನುಣ್ಣಗೆ ಮಾಡಿದ ಗೇಣಗಲದ ಜಾಗ. ಹದಿನೆಂಟು ವರ್ಷದಿಂದ ಆ ಜಾಗ ಇರುವುದೇ ವಾಟಗ, ಅಂದರೆ ಸಣ್ಣ ಬಟ್ಟಲು, ಇಡಲಿಕ್ಕೆ. ಆ ಕಡೆಯಿಂದ ಜುಣಕಾ ಬಂದರೆ ಈ ಕಡೆಯಿಂದ ಪುಂಡಿಪಲ್ಯ ಹೋಗುತ್ತದೆ. ಆ ಕಡೆಯಿಂದ ಗುರೆಳ್ಳು ಹಿಂಡಿ ಬಂದರೆ ಈ ಕಡೆಯಿಂದ ಕೆನೆಮೊಸರು. ಬಂದ ವಾಟಗವನ್ನು ಬರಿದಾಗಿ ತಿರುಗಿಸುವ ರೂಢಿ ನಮ್ಮಲ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದೆ. ಊರಿಗೆಲ್ಲ ಹೇಳಿದ್ದು ಮಾತ್ರ ಪಿತ್ತದ ಚೀಲದ ಹರಳಿನ ಆಪರೇಷನ್ ಅಂತ. ಎರಡಕ್ಕೂ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು, ಮೇಲೆ ಸಣ್ಣ ಪಟ್ಟಿ. ಯಾರಿಗೂ ಸಂಶಯ ಬರುವ ಹಾಗಿರಲಿಲ್ಲ. ಇಪ್ಪತ್ತೆರಡನೆಯ ದಿನ, ಒಂದು ಮಂಗಳವಾರ, ಗೋಡೆಯ ಮೇಲೆ ಗೋಧಿ ಹುಗ್ಗಿ ಬಂತು. ನಡುವೆ ಗುಳಿ ಮಾಡಿ ತುಪ್ಪ ಹಾಕಿದ್ದರು, ಗಸಗಸೆ ಏಲಕ್ಕಿಯ ವಾಸನೆ ನಮ್ಮ ಪಡಸಾಲೆಯ ತನಕ ಬಂದಿತ್ತು.

“ತಂಗಿ, ಹುಗ್ಗಿ ಮಾಡೇನವಾ. ಬಿಸಿ ಐತಿ, ಆರೂದರಾಗ ತಿಂದಬಿಡ.”

“ಇವತ್ತ ಒಪ್ಪತ್ತ ಐತ್ರಿ ಕಾಕೂ.”

“ಸೋಮವಾರ ನಿನ್ನೇನ ಹ್ವಾತಲ್ಲವಾ?”

“ಇದ ಬ್ಯಾರೆ ಹರಕೀದ್ರಿ.”

ಹುಗ್ಗಿ ತಿರುಗಿ ಹೋಯಿತು. ಮರುದಿನ ಹಲ್ಲುನೋವು ಎಂದೆ. ಅದರಾಚೆ ದಿನ ಪಿತ್ತ ಎಂದೆ. ನಾಲ್ಕನೆಯ ಸಲ “ಈಗಷ್ಟ ಉಂಡೇನ್ರಿ” ಎಂದೆ. ಐದನೆಯ ದಿನದಿಂದ ವಾಟಗ ಬರುವುದು ನಿಂತಿತು. ಗೋಡೆ ಮೊದಲ ಸಲ ಬರಿದಾಗಿ ಕಂಡಿತು. ಸಾಲಿಯಿಂದ ಬಂದ ಮಗಳು, ಕಾಕು ಬಾಗಿಲಲ್ಲಿ ನಿಂತು ಕೇಳಿದ ಮಾತನ್ನು ಹೇಳಿದಳು: “ನಿಮ್ಮವ್ವಗ ನನ್ನ ಕೈಯಡಗಿ ಬ್ಯಾಡಾಗೈತೇನವಾ?”

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮಾತಾಡಿದವಳು ನಾನು. ಮೊಣಕಾಲು ನೋವನ್ನು ಬೆಳಗಾವಿ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡವಳು. ಆ ಎರಡು ನೋವಿಗೂ ಬೇರು ಎಲ್ಲಿತ್ತೋ ಅದಕ್ಕೆ ಮದ್ದು ಮಾಡಿಸಿಕೊಂಡದ್ದನ್ನು ಮಾತ್ರ ಬಚ್ಚಿಟ್ಟೆ. ‘ದುಡ್ಡ ಕೊಟ್ಟ ಹೊಟ್ಟಿ ಕೊಯ್ಸಿಕೊಂಡಾಳ’ ಅನ್ನುವ ಮಾತು ಕಿವಿಗೆ ಬೀಳಬಾರದು, ಅದೊಂದೇ ಅಂಜಿಕೆ. ಬೊಜ್ಜು ಒಂದು ರೋಗ ಎಂದು ನಾವಿನ್ನೂ ಮನಸ್ಸಿನಿಂದ ಒಪ್ಪಿಲ್ಲ. ಬಾಯಿ ಹಿಡಿತ ಇಲ್ಲದವರಿಗೆ ಬಂದದ್ದು ಎಂದುಕೊಂಡಿದ್ದೇವೆ, ಅದಕ್ಕೇ ಈ ನಾಚಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ 30 ಮಂದಿಗೆ ತೂಕ ಹೆಚ್ಚು, ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಜನ ಒಂದೇ ನಾಚಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡ್ಡಾಡುತ್ತಿದ್ದೇವೆ.

ಮರುದಿನ ಬೆಳಗ್ಗೆ ಕಾಕು ಅಂಗಳ ಸಾರಿಸುವ ಹೊತ್ತಿಗೆ ಗೋಡೆಯ ಹತ್ತಿರ ನಿಂತು ಎಲ್ಲ ಹೇಳಿಬಿಟ್ಟೆ. ಕಾಕು ಕೈಯೊಳಗಿನ ಬರಲು ಕೆಳಗಿಟ್ಟರು.

“ಹೊಟ್ಟಿ ಕೊಯ್ದ ತಗದಾರಾ? ಪೂರಾ?”

“ಪೂರಾ ಅಲ್ರಿ ಕಾಕೂ. ಹೊಟ್ಟಿ ಅಂದ್ರ ಒಂದ ಚೀಲ. ಉಂಡಂಗ ಉಂಡಂಗ ಹಿಗ್ಗತೈತಿ, ಒಂದ ಲೀಟರಿಗಿಂತ ಹೆಚ್ಚ ಹಿಡೀತೈತಿ. ಅದನ್ನ ಉದ್ದಕ್ಕ ಹೊಲದು, ನೂರಕ್ಕ ಎಪ್ಪತ್ತೈದು ಎಂಬತ್ತು ಪಾಲು ತಗದಬಿಡ್ತಾರ. ಉಳಿಯೂದು ಬಾಳಿಹಣ್ಣಿನ ಆಕಾರದ ಒಂದ ಕೊಳವಿ. ನೀವು ಇಲ್ಲಿ ಇಡೂ ವಾಟಗದಷ್ಟ ಹಿಡೀತೈತಿ.”

ಕಾಕು ತಮ್ಮ ಕಟ್ಟೆಯ ಮೇಲಿದ್ದ ವಾಟಗವನ್ನು ಒಮ್ಮೆ ನೋಡಿದರು. “ಅಂದ್ರ ಇಷ್ಟ?” ಎಂದರು. “ಇಷ್ಟ” ಎಂದೆ. ಅವರಿಗೆ ತಿಳಿಯಿತು. ಆಸ್ಪತ್ರೆಯಲ್ಲಿ ಕೊಟ್ಟ ಚಿತ್ರದ ಹಾಳೆ ನೋಡಿ ನನಗೆ ತಿಳಿದದ್ದಕ್ಕಿಂತ ಬೇಗ.

ಈ ಬಗೆಯ ಆಪರೇಷನ್ನಿಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಅನ್ನುತ್ತಾರೆ. ಇನ್ನೊಂದು ಬಗೆ ಗ್ಯಾಸ್ಟ್ರಿಕ್ ಬೈಪಾಸ್. ಅದರಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಸಣ್ಣ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಇದನ್ನು ಶುರುಮಾಡಿದರು. ಹುಣ್ಣಿನ ಕಾರಣಕ್ಕೆ ಹೊಟ್ಟೆಯ ಒಂದು ಪಾಲು ತೆಗೆಸಿಕೊಂಡವರು ತೂಕ ಇಳಿದು ಹಾಗೇ ನಿಲ್ಲುತ್ತಾರೆ ಎಂದು ಅವರು ಗಮನಿಸಿದ್ದರು. ನನ್ನ ಆಪರೇಷನ್ನಿನಲ್ಲಿ ತೆಗೆಯುವ ಮೇಲಿನ ಉಬ್ಬು ಭಾಗದಲ್ಲೇ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. ಅದರ ಹೆಸರು ಘ್ರೆಲಿನ್. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅನ್ನುವ ವಿಜ್ಞಾನಿಗಳು 1999ರಲ್ಲಿ ಅದನ್ನು ಕಂಡುಹಿಡಿದರು. ಚೀಲವೂ ಸಣ್ಣದಾಗುತ್ತದೆ, ಹಸಿವಿನ ಕೂಗೂ ಇಳಿಯುತ್ತದೆ. ಮೂವತ್ತು ವರ್ಷ ನನ್ನ ಕಿವಿಯಲ್ಲಿ ಕೂಗುತ್ತಿದ್ದ ಒಂದು ದನಿ ಆಪರೇಷನ್ ಆದ ಮೇಲೆ ಸುಮ್ಮನಾದದ್ದು ನನಗೆ ಚೆನ್ನಾಗಿ ನೆನಪಿದೆ. ಊಟದ ಹೊತ್ತಾದರೂ ಪಾಠ ಮುಗಿಸಿಯೇ ಎದ್ದೆ, ಜೀವನದಲ್ಲಿ ಮೊದಲ ಸಲ.

ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಎರಡು ದಿನದಲ್ಲಿ ಗೋಡೆಯ ಆ ಕಡೆ ಕಾಕು ಜೊತೆ ಇನ್ನೂ ಮೂವರು ಬಂದು ನಿಂತರು.

“ಟೀವಿ ನಟಿ ಒಬ್ಬಾಕಿ ತೀರಿಕೊಂಡ್ಲಲ್ಲ, ಅದ ಆಪರೇಷನ್ನಾ ಇದು?”

ಈ ಪ್ರಶ್ನೆಗೆ ನಾನು ಪುರುಸೊತ್ತಿನಿಂದ ಉತ್ತರ ಕೊಡುತ್ತೇನೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಇನ್ನೂ 21 ವರ್ಷದ ಹುಡುಗಿ. ಅವರಿಗೆ ಆಗಿದ್ದು ಕೊಬ್ಬು ತೆಗೆಯುವ ಸೌಂದರ್ಯ ಚಿಕಿತ್ಸೆ. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ಆಕಾರ ತಿದ್ದುವ ಆ ಕೆಲಸದಲ್ಲಿ ಹೊಟ್ಟೆಯ ಚೀಲವನ್ನು ಮುಟ್ಟುವುದಿಲ್ಲ, ಹಸಿವು ಇಳಿಯುವುದಿಲ್ಲ, ಸಕ್ಕರೆ ಕಾಯಿಲೆಗೆ ಅದು ಮದ್ದೂ ಅಲ್ಲ. ಎರಡನ್ನೂ ಒಂದೇ ಮಾಡಿ ಮಾತಾಡಿದರೆ ನಿಜವಾಗಿ ಚಿಕಿತ್ಸೆ ಬೇಕಾದವರು ಅಂಜಿ ಹಿಂದೆ ಸರಿಯುತ್ತಾರೆ. ತೂಕವೇ ಹೆಚ್ಚಿಲ್ಲದ ಹುಡುಗಿಯರು ಆ ಕಡೆ ಹೋಗುವುದನ್ನು ತಡೆಯಬೇಕೆಂದರೂ ಈ ಫರಕು ನಮಗೆ ಗೊತ್ತಿರಬೇಕು.

“ಹಂಗಾರ ಇದರಾಗ ಜೀವಕ್ಕ ಧೋಕಾ ಇಲ್ಲೇನು?”

ಐತಿ ಎಂದೆ. ಹೊಲಿಗೆ ಸೋರಬಹುದು, ಕಾಲಿನ ರಕ್ತ ಹೆಪ್ಪುಗಟ್ಟಿ ಪುಪ್ಪುಸಕ್ಕೆ ಹೋಗಬಹುದು. ಅದಕ್ಕೇ ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ. ಪಳಗಿದ ಕೈಯಲ್ಲಿ ಸಾವಿನ ಸಂಭವ ಸಾವಿರಕ್ಕೆ ಒಂದರ ಆಜೂಬಾಜು, ಪಿತ್ತದ ಚೀಲ ತೆಗೆಸಿಕೊಳ್ಳುವಾಗ ಇರುವಷ್ಟೇ. ನಿತಿನ್ ಗಡ್ಕರಿ 2011ರಲ್ಲಿ ಮಾಡಿಸಿಕೊಂಡರು, ಅರುಣ್ ಜೇಟ್ಲಿ 2014ರಲ್ಲಿ ಮಾಡಿಸಿಕೊಂಡರು. ಗಡ್ಕರಿ ಹೆಸರು ಹೇಳಿದ ಕೂಡಲೇ ಗುಂಪಿನಲ್ಲಿ ಒಬ್ಬರು “ಹೌದೇನು, ರಸ್ತಾ ಮಾಡಸ್ತಾರಲ್ಲ ಅವ್ರಾ?” ಎಂದು ಹತ್ತಿರ ಸರಿದರು.

ಮುಂದಿನ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಬಂತು. “ಅಷ್ಟ ರೊಕ್ಕ ಹಾಕೂದರ ಬದಲಿ ದಿನಾ ವಾಕಿಂಗ್ ಮಾಡಿದ್ರ ಆಗ್ತಿದ್ದಿಲ್ಲೇನವಾ?”

ನಾನು ದಿನಾ ಬೆಳಗ್ಗೆ ರಾಣಿ ಚೆನ್ನಮ್ಮನ ಸಮಾಧಿಯ ತನಕ ನಡೆದು ಹೋಗುತ್ತೇನೆ. ಕಿತ್ತೂರು ಬಿದ್ದ ಮೇಲೆ ಆ ತಾಯಿ ಸೆರೆಯಾಗಿ ಬದುಕಿ, 1829ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಬೈಲಹೊಂಗಲದಲ್ಲೇ. ಹನ್ನೆರಡು ವರ್ಷ ಆ ದಾರಿಯಲ್ಲಿ ನಡೆದಿದ್ದೇನೆ. ರೊಟ್ಟಿ ಬಿಟ್ಟು ನೋಡಿದೆ, ಅನ್ನ ಬಿಟ್ಟು ನೋಡಿದೆ, ರಾತ್ರಿ ಊಟ ಬಿಟ್ಟು ನೋಡಿದೆ. ಒಂದು ವರ್ಷ ಒಂಬತ್ತು ಕಿಲೋ ಇಳಿದೆ, ಮುಂದಿನ ವರ್ಷ ಹನ್ನೊಂದು ಏರಿತು. ನನ್ನದು ಸೋಮಾರಿತನ ಎಂದು ನಾನೇ ನಂಬಿದ್ದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಡಾಕ್ಟರು ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಪಥ್ಯ ಮಾಡಿ ತೂಕ ಇಳಿಸಿಕೊಂಡವರನ್ನು ಒಂದು ವರ್ಷದ ನಂತರ ಪರೀಕ್ಷಿಸಿದಾಗಲೂ ಅವರ ರಕ್ತದಲ್ಲಿ ಹಸಿವಿನ ಹಾರ್ಮೋನು ಏರಿಯೇ ಇತ್ತು. ಹಳೆಯ ತೂಕಕ್ಕೆ ಮರಳಬೇಕೆಂದು ದೇಹ ಹಟ ಹಿಡಿಯುತ್ತದೆ. ಐದಾರು ಕಿಲೋ ಹೆಚ್ಚಿದ್ದವರಿಗೆ ನಡಿಗೆ, ಪಥ್ಯ ಸಾಕು. ನನ್ನ ಎತ್ತರ 157 ಸೆಂ.ಮೀ., ತೂಕ 104 ಕೆ.ಜಿ. ಇತ್ತು, ಅಂದರೆ ಬಿಎಂಐ 42. ನಮ್ಮ ದೇಶದವರ ಮೈಕಟ್ಟಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ.

ದುಡ್ಡಿನ ಮಾತನ್ನೂ ಮುಚ್ಚಿಡುವುದಿಲ್ಲ. ನನಗೆ ಮೂರು ಲಕ್ಷದ ಮೇಲೆ ಬಂತು. ಬೊಜ್ಜಿನ ಆಪರೇಷನ್ನಿಗೆ ವಿಮೆ ಸಿಗುವುದೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ ಈಗಿನ ನಿಯಮದಂತೆ ಬಿಎಂಐ 40 ಅಥವಾ ಅದಕ್ಕೂ ಹೆಚ್ಚಿದ್ದು ಡಾಕ್ಟರು ಬರೆದುಕೊಟ್ಟರೆ, ಇಲ್ಲವೇ 35 ಇದ್ದು ಜೊತೆಗೆ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರುಗಟ್ಟುವ ತೀವ್ರ ತೊಂದರೆಯಂಥದ್ದಿದ್ದರೆ ವಿಮೆ ಕೇಳಲಿಕ್ಕೆ ಬರುತ್ತದೆ. ಕಾಯುವ ಅವಧಿ ಎಷ್ಟೆಂದು ಪಾಲಿಸಿಯಲ್ಲಿ ಮೊದಲೇ ಓದಿಕೊಳ್ಳಬೇಕು, ಅಷ್ಟೇ.

ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. 1824ರ ಅಕ್ಟೋಬರ್ 23ರಂದೇ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತದ್ದು. ನನ್ನ ಗಂಡನ ಅಣ್ಣನ ಮನೆ ಅಲ್ಲೇ, ಹಾಗಾಗಿ ಮೂರೂ ದಿನ ಬೀಗರು ನೆಂಟರು ತುಂಬಿಕೊಂಡಿರುತ್ತಾರೆ. ಆಪರೇಷನ್ ಆಗಿ ಆರು ವಾರ ಕಳೆದಿತ್ತು, ಹನ್ನೊಂದು ಕಿಲೋ ಇಳಿದಿದ್ದೆ. ಗಿರ್ಮಿಟ್, ಮಿರ್ಚಿ ಭಜಿಯ ತಟ್ಟೆ ಕೈಯಿಂದ ಕೈಗೆ ಹೋಗುವಾಗ ಪ್ರಶ್ನೆಗಳೂ ಜೊತೆಗೇ ಬಂದವು. “ಎಷ್ಟ ಇಳಿದಿ?” ಎಂದವರಿಗೆ ಲೆಕ್ಕ ಹೇಳಿದೆ. “ಮತ್ತ ಏರತೈತಂತಲ್ಲ?” ಎಂದವರಿಗೂ ಸುಳ್ಳು ಹೇಳಲಿಲ್ಲ. ಏರುತ್ತದೆ. ಮೊದಲ ಒಂದೂವರೆ ವರ್ಷದಲ್ಲಿ ಇದ್ದ ತೂಕದ ಕಾಲುಭಾಗವೋ ಅದಕ್ಕಿಂತ ಚೂರು ಹೆಚ್ಚೋ ಇಳಿಯುತ್ತದೆ, ಆಮೇಲೆ ಸ್ವಲ್ಪ ಮರಳಿ ಬರುವುದು ಬಹಳ ಜನರಲ್ಲಿ ಉಂಟು. ಹೊಟ್ಟೆ ಸಣ್ಣದಾದರೂ ದಿನವಿಡೀ ಚೂರುಚೂರು ಫರಸಾಣ, ಪೇಡೆ, ಸಿಹಿ ಚಹಾ ಇಳಿಸುತ್ತಿದ್ದರೆ ಅದಕ್ಕೆ ತಡೆ ಇಲ್ಲ. ಡಾಕ್ಟರು ಒಂದು ದಾರಿ ಮಾಡಿಕೊಟ್ಟಿದ್ದಾರೆ, ನಡೆಯಬೇಕಾದವಳು ನಾನು.

ಸಂಕ್ರಮಣಕ್ಕೆ ತವರುಮನೆ ರಾಮದುರ್ಗಕ್ಕೆ ಹೋದೆ. ಮಲಪ್ರಭೆಯಲ್ಲಿ ಮಿಂದು ಬಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಕೂತಾಗ ಅವ್ವ ನನ್ನ ತಲೆ ಸವರಿದಳು. ಕೈಯಲ್ಲಿ ಒಂದು ಮುಷ್ಟಿ ಕೂದಲು ಬಂತು. “ಸೊರಗಿ ಹೋಗೀಯವಾ” ಎಂದು ಅತ್ತೇಬಿಟ್ಟಳು.

ಅವ್ವನ ಆ ಮಾತಿನ ಮೇಲೆ ಬಹಳ ದಿನ ಯೋಚಿಸಿದ್ದೇನೆ. ತೂಕ ಇಳಿದದ್ದನ್ನು ಮೆಚ್ಚಿ ಹೇಳಲಿಕ್ಕೆ ನಮ್ಮ ಕಡೆಯ ಮಾತಿನಲ್ಲಿ ಹಳೆಯ ಪದ ಸಿಗುವುದು ಕಷ್ಟ. ಮೈಕೈ ತುಂಬಿಕೊಂಡಾಳ ಅಂದರೆ ಹೊಗಳಿಕೆ. ಸೊರಗ್ಯಾಳ, ಬಡಕಲಾಗ್ಯಾಳ, ಇಳಿದ ಹೋಗ್ಯಾಳ, ಎಲ್ಲವೂ ಕನಿಕರ. ಇದು ಬರಗಾಲ ಕಂಡ ನೆಲದ ಮಾತು. 1876ರಿಂದ 78ರ ದೊಡ್ಡ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋಗಿದ್ದವು. ಅಷ್ಟು ಹಿಂದೆ ಹೋಗುವುದೂ ಬೇಡ, 1972ರ ಬರದಲ್ಲಿ ರೇಷನ್ನಿನ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ನೀರು ಕುಡಿದು ಮಲಗಿದ್ದನ್ನು ಅವ್ವ ಈಗಲೂ ಹೇಳುತ್ತಾಳೆ. ಅಂಥವಳ ಕಣ್ಣಿಗೆ ಮಗಳ ಕೆನ್ನೆ ಒಳಸೇದಿ ಕಂಡರೆ ಎದೆ ಝಲ್ಲೆನ್ನದೆ ಇರುತ್ತದೆಯೇ? ಆಕೆಯ ಎದುರು ನೆಪ ಹೇಳಬಾರದು. ಕೂತು ತಿಳಿಸಿ ಹೇಳಬೇಕು.

ಕೂದಲು ಉದುರುವುದಕ್ಕೆ ನಜರು ಕಾರಣವಲ್ಲ ಎಂದು ಹೇಳಿದೆ. ಮೈ ದೊಡ್ಡ ಆಘಾತ ಕಂಡು ತೂಕ ಬೇಗ ಇಳಿದಾಗ ಮೂರನೆಯ ತಿಂಗಳಿನಿಂದ ಕೂದಲು ಉದುರುತ್ತವೆ. ಬಾಣಂತನದ ನಂತರ ಉದುರುವ ಹಾಗೇ. ಬೇರು ಸಾಯುವುದಿಲ್ಲ, ವರ್ಷ ತುಂಬುವುದರಲ್ಲಿ ತಿರುಗಿ ಬರುತ್ತವೆ. ಪ್ರೋಟೀನು, ಕಬ್ಬಿಣ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. “ಬಾಣಂತನದಂಗ” ಎಂದದ್ದು ಅವ್ವನಿಗೆ ಹಿಡಿಸಿತು. “ಹಂಗಾರ ಬಾಣಂತನ ನಾನ ಮಾಡ್ತೇನಿ” ಎಂದಳು. ಮಡಿಕೆಕಾಳು ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ, ಸಣ್ಣ ಬಟ್ಟಲಲ್ಲಿ ದಿನಕ್ಕೆ ನಾಲ್ಕು ಸಲ ತಂದಿಟ್ಟಳು. ದಿನಕ್ಕೆ 60 ಗ್ರಾಂ ಪ್ರೋಟೀನು ಬೇಕು ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿತ್ತು, ಅವ್ವನಿಗೆ ಗ್ರಾಮಿನ ಲೆಕ್ಕ ಬೇಕಾಗಲಿಲ್ಲ. ಒಂದು ಬಟ್ಟಲು ಬೆಂದ ಕಾಳಿನಲ್ಲಿ ಹತ್ತರ ಹತ್ತಿರ, ಒಂದು ಲೋಟ ಹಾಲಿನಲ್ಲಿ ಆರೇಳು, ಗಟ್ಟಿ ಮೊಸರು, ಜುಣಕಾ, ಪನೀರು ಹೀಗೆ ಕೂಡಿಸುತ್ತ ಹೋದರೆ ಮುಟ್ಟುತ್ತದೆ. ತತ್ತಿ ತಿನ್ನುವವರಿಗೆ ಒಂದರಲ್ಲಿ ಆರು ಗ್ರಾಂ, ಇನ್ನೂ ಸುಲಭ. ಮೊದಲು ಕಾಳು, ಆಮೇಲೆ ಪಲ್ಯ, ಕೊನೆಗೆ ಜಾಗ ಇದ್ದರೆ ರೊಟ್ಟಿ. ಊಟದ ನಡುವೆ ನೀರಿಲ್ಲ. ನಮ್ಮ ಮಜ್ಜಿಗೆಯೂ ಅರ್ಧ ತಾಸು ಕಾಯಬೇಕು.

ಒಂದು ತಪ್ಪನ್ನು ಸವದತ್ತಿಯಲ್ಲಿ ಮಾಡಿದೆ. ಭಾರತ ಹುಣ್ಣಿಮೆಗೆ ಮನೆಮಂದಿಯೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಉಧೋ ಉಧೋ ಎನ್ನುತ್ತ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ಗುಡ್ಡದ ತುಂಬ ನಿಂತಿತ್ತು. ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಪಡ್ಡಲಗಿ ತುಂಬಿಸಿ, ನೈವೇದ್ಯ ಆದ ಮೇಲೆ ಹೋಳಿಗೆ ಕೈಗೆ ಬಂತು. ತಾಯಿಯ ಪ್ರಸಾದ ಬೇಡ ಅನ್ನಬಾರದೆಂದು ಒಂದು ಪೂರ್ತಿ ಹೋಳಿಗೆಯನ್ನು ತುಪ್ಪ ಸಹಿತ, ಮಾತಾಡುತ್ತ ಮಾತಾಡುತ್ತ ಗಡಬಡಿಸಿ ತಿಂದೆ. ಕಾಲು ತಾಸಿನಲ್ಲಿ ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವೆತು, ಕಣ್ಣು ಕತ್ತಲಿಟ್ಟಿತು. ಚಕ್ಕಡಿಯ ನೆರಳಿನಲ್ಲಿ ಒಂದು ತಾಸು ಮಲಗಿದ್ದೆ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಣ್ಣ ಹೊಟ್ಟೆಯಲ್ಲಿ ನಿಲ್ಲದೆ ಸಿಹಿ ಒಮ್ಮೆಲೇ ಕರುಳಿಗೆ ಧುಮುಕಿದಾಗ ಹೀಗಾಗುತ್ತದೆ. ಬೈಪಾಸ್ ಆದವರಲ್ಲಿ ಹೆಚ್ಚು, ನನ್ನಂಥವರಲ್ಲೂ ಉಂಟು.

ಗಾಳಿ ಬೀಸುತ್ತ ಕೂತಿದ್ದ ನಮ್ಮ ಹಿರಿಯ ನೆಗೆಣ್ಣಿ ಅವತ್ತು ಹೇಳಿದ ಮಾತನ್ನು ನಾನು ಮರೆತಿಲ್ಲ. “ಪ್ರಸಾದ ಅಂದ್ರ ಚಿಟಿಕಿ ತಂಗಿ, ಊಟ ಅಂದ್ರ ಹೊಟ್ಟಿ. ಎರಡನ್ನೂ ಯಾಕ ಕೂಡಿಸಿದಿ?” ಅಂದಿನಿಂದ ಚಿಟಿಕೆ ಮುರಿದು ಕಣ್ಣಿಗೊತ್ತಿ ಬಾಯಿಗೆ ಹಾಕಿ, ಉಳಿದದ್ದನ್ನು ಪಕ್ಕದ ಮಗುವಿನ ಕೈಗೆ ಕೊಡುತ್ತೇನೆ. ಒಪ್ಪತ್ತು, ಹಲ್ಲುನೋವು ಯಾವುದೂ ಬೇಕಾಗುವುದಿಲ್ಲ. “ನನಗ ಆಪರೇಷನ್ ಆಗೈತ್ರಿ, ಇಷ್ಟ ಸಾಕು” ಎಂದರೆ ಮದುವೆ ಮನೆಯಲ್ಲೂ ಬಡಿಸುವವರು ಕೈ ಹಿಂದೆಗೆಯುತ್ತಾರೆ. ಎರಡನೆಯ ಸಲ ಒತ್ತಾಯ ಮಾಡಿದವರು ಈ ವರ್ಷದಲ್ಲಿ ಬೆರಳೆಣಿಕೆಯಷ್ಟು.

ಬೇರೆಯವರಿಗೆ ಹೇಳುವ ನೆಪ ಮನಸ್ಸು ಮುರಿಯುತ್ತದೆ. ನಮಗೆ ನಾವೇ ಹೇಳಿಕೊಳ್ಳುವ ನೆಪ ಮೈಯನ್ನೇ ಮುರಿಯುತ್ತದೆ. ಜೀವ ಇರುವ ತನಕ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ತಪ್ಪಿಸಬಾರದು, ಹೇಳಿದ ತಿಂಗಳಿಗೆ ರಕ್ತ ಪರೀಕ್ಷೆಗೆ ಬರಬೇಕು ಎಂದು ಮನೆಗೆ ಕಳಿಸುವಾಗಲೇ ಹೇಳಿದ್ದರು. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಪುರುಸೊತ್ತಿಲ್ಲ ಎಂದುಕೊಂಡೆ. ಏಪ್ರಿಲಿನಲ್ಲಿ ಬಿಸಿಲು, ಬೆಳಗಾವಿಗೆ ಯಾರು ಹೋಗುತ್ತಾರೆ ಎಂದುಕೊಂಡೆ. ಚೆನ್ನಾಗೇ ಇದ್ದೇನಲ್ಲ ಎಂದು ಗುಳಿಗೆಯ ಡಬ್ಬಿಯನ್ನು ಮಾಡದಲ್ಲಿಟ್ಟು ಮರೆತೆ. ಮೇ ತಿಂಗಳಲ್ಲಿ ಅಂಗಾಲು ಜುಮುಜುಮು ಎನ್ನಲಿಕ್ಕೆ ಹತ್ತಿತು. ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದೆ ಬಿಸಿ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದ್ದೆ. ಬಿ12 ತಳ ಮುಟ್ಟಿತ್ತು. ಹಾಲು ಮೊಸರು ಬಿಟ್ಟರೆ ನಮ್ಮಂಥ ಶಾಕಾಹಾರಿಗಳಿಗೆ ಬಿ12 ಸಿಗುವ ದಾರಿ ಕಡಿಮೆ, ಆಪರೇಷನ್ ಆದ ಮೇಲೆ ಅದು ರಕ್ತಕ್ಕೆ ಸೇರುವುದು ಇನ್ನೂ ಕಡಿಮೆ. ಇಂಜೆಕ್ಷನ್ ತಗೊಂಡು ಎರಡು ತಿಂಗಳಿಗೆ ಸರಿಹೋಯಿತು. ಇನ್ನೂ ತಡಮಾಡಿದ್ದರೆ ನರಕ್ಕೆ ಆದ ಪೆಟ್ಟು ಪೂರ್ತಿ ಮಾಯುತ್ತಿತ್ತೋ ಇಲ್ಲವೋ. ಯಾರಾದರೂ ಗೋಡೆಯ ಹತ್ತಿರ ಬಂದು ನನ್ನನ್ನು ಕೇಳಿದರೆ, ಆಪರೇಷನ್ನಿಗೆ ಧೈರ್ಯ ಮಾಡುವ ಮೊದಲು ಆ ಗುಳಿಗೆಯ ಡಬ್ಬಿಗೆ ಮನಸ್ಸು ಮಾಡಿರಿ ಎನ್ನುತ್ತೇನೆ. ಮಕ್ಕಳಾಗಬೇಕಾದ ವಯಸ್ಸಿನ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಒಂದು, ಒಂದೂವರೆ ವರ್ಷ ಬಸಿರಾಗುವುದು ಬೇಡ.

ಈಗ ಹದಿನಾಲ್ಕು ತಿಂಗಳು. 74 ಕಿಲೋಗೆ ಬಂದು ನಿಂತಿದ್ದೇನೆ. ಇನ್ಸುಲಿನ್ ನಿಂತಿದೆ, ಸಕ್ಕರೆಗೆ ಒಂದೇ ಗುಳಿಗೆ. ತೆಳ್ಳಗೇನೂ ಆಗಿಲ್ಲ, ಆಗಬೇಕೆಂದೂ ಇಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ತಪ್ಪಿದೆ. ಅವತ್ತು ಗೋಡೆಯ ಆ ಕಡೆ ನಿಂತು ಪ್ರಶ್ನೆ ಕೇಳಿದ ಗುಂಪಿನಲ್ಲಿದ್ದ ಒಬ್ಬರು ಮೊನ್ನೆ ಸಂಜೆ ಒಬ್ಬರೇ ಬಂದು, ಮಗನ ತೂಕ, ಎತ್ತರ ಬರೆದ ಚೀಟಿಯನ್ನು ಗೋಡೆಯ ಮೇಲಿಟ್ಟು ಹೋದರು. ನಾನು ಹರಳಿನ ಆಪರೇಷನ್ ಎಂದೇ ಹೇಳಿಕೊಂಡಿದ್ದರೆ ಆ ಚೀಟಿ ಅವರ ಬಟವೆಯಲ್ಲೇ ಉಳಿಯುತ್ತಿತ್ತು.

ಕಾಕು ಮಾತ್ರ ಇಷ್ಟು ದಿನದಲ್ಲಿ ಎಷ್ಟು ಕಿಲೋ ಅಂತ ಕೇಳಲಿಲ್ಲ, ಎಷ್ಟು ರೊಕ್ಕ ಅಂತ ಕೇಳಲಿಲ್ಲ. ನಿನ್ನೆ ಬೆಳಗ್ಗೆ ವಾಟಗ ಇಟ್ಟು ಹೋಗದೆ ಅಲ್ಲೇ ನಿಂತರು.

“ಎಲ್ಲಾ ಸರಿ ತಂಗಿ. ರುಚಿ ಹತ್ತತೈತೇನವಾ?”

ಐವತ್ತು ವರ್ಷ ಮಂದಿಗೆ ಉಣಿಸಿದ ಕೈ ಕೇಳಿದ ಪ್ರಶ್ನೆ ಅದು. ಮೊದಲೆಲ್ಲ ನಾಲ್ಕು ರೊಟ್ಟಿ ಮುಗಿದ ಮೇಲೆ ಉಂಡೆ ಎಂದು ಗೊತ್ತಾಗುತ್ತಿತ್ತು. ಈಗ ಅರ್ಧ ರೊಟ್ಟಿ. ಒಂದು ತುತ್ತನ್ನು ಇಪ್ಪತ್ತು, ಇಪ್ಪತ್ತೈದು ಸಲ ನುರಿಸದೆ ನುಂಗಲಿಕ್ಕೆ ಬರುವುದಿಲ್ಲ. ಹತ್ತನೆಯ ಸಲಕ್ಕೆ ಬಿಳಿಜೋಳ ತನ್ನ ಸಿಹಿ ಬಿಡುತ್ತದೆ. ಆಮೇಲೆ ಹಂಚಿನ ಕಲೆಯ ಸುಟ್ಟ ವಾಸನೆ, ಆಮೇಲೆ ಗುರೆಳ್ಳಿನ ಸಣ್ಣ ಕಹಿ, ಬೆಳ್ಳುಳ್ಳಿ, ಎಲ್ಲ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಕೊನೆಗೆ ನಾಲಿಗೆಯ ಮೇಲೆ ಇನ್ನೊಂದೇನೋ ಉಳಿಯುತ್ತದೆ.

“ಕಾಕೂ, ನಿಮ್ಮ ಗುರೆಳ್ಳ ಹಿಂಡಿಗೆ ಚೂರ ಬೆಲ್ಲ ಹಾಕ್ತೀರೇನ್ರಿ?”

ಕಾಕು ಸುತ್ತ ನೋಡಿ ಗೋಡೆಗೆ ಇನ್ನಷ್ಟು ಹತ್ತಿರ ಬಂದರು. “ಹಾಕ್ತೇನವಾ. ನಮ್ಮ ಅತ್ತಿ ಕಲಿಸಿದ್ದು. ಹದಿನೆಂಟ ವರ್ಷ ತಿಂದಿ, ಈಗ ಗೊತ್ತಾತೇನು?”